ಮಾಡಿದವನು ಹತ್ತದ ಬೋಟು

ಕಡಬದಲ್ಲಿ ಯಾರಾದರೂ ಹೊಸದೇನನ್ನಾದರೂ ಕೊಂಡು ತಂದರೆ ಜನ ಮೊದಲು ಕೇಳುವುದು ಬೆಲೆಯನ್ನಲ್ಲ, ಕಂಪೆನಿಯನ್ನು. ಮಿಕ್ಸಿಯಾಗಲಿ, ಹುಲ್ಲು ಕತ್ತರಿಸುವ ಮೆಷಿನಾಗಲಿ, "ಯಾವ ಕಂಪೆನಿ?" ಎಂಬುದಕ್ಕೆ ಉತ್ತರ ಸಿಗದೆ ಯಾರೂ ಚಾ ಕುಡಿದು ಮುಗಿಸುವುದಿಲ್ಲ. ಹಾಗಾಗಿ ಯೂಸುಫ್ ತನ್ನ ಮನೆಯ ಕೆಳಗೆ, ಕುಮಾರಧಾರೆಯ ದಡಕ್ಕೆ, ಹದಿನೆಂಟು ಅಡಿ ಉದ್ದದ, ಮೂಗು ಚೂಪಾದ ಕರಿಯ ಸ್ಪೀಡ್ ಬೋಟೊಂದನ್ನು ತಂದಿಳಿಸಿದಾಗ ಅಲ್ಲಿ ಸೇರಿದ್ದ ಅಷ್ಟೂ ಮಂದಿ ಅದನ್ನೇ ಕೇಳಿದರು.

ಯೂಸುಫ್ ಎದೆಯುಬ್ಬಿಸಿ "ಕುಕ್ಕಪ್ಪ" ಎಂದ.

ಅದು ಜಪಾನಿನ ಕಂಪೆನಿಯೇ ಎಂದು ಒಬ್ಬರು ಭಕ್ತಿಯಿಂದ ವಿಚಾರಿಸಿದರು. ಅಲ್ಲ, ಅರಂತೋಡಿನ ಕುಕ್ಕಪ್ಪ, ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಗಳನ್ನು ರಿಪೇರಿ ಮಾಡುವ ಕುಕ್ಕಪ್ಪ ಎಂದು ಗೊತ್ತಾದದ್ದೇ ಆ ಭಕ್ತಿ ಇಳಿದುಹೋಯಿತು. ಹಿತ್ತಲ ಗಿಡ ಮದ್ದಲ್ಲ ಎಂಬುದನ್ನು ನಮ್ಮವರು ಬರೀ ಗಾದೆಯೆಂದು ತಿಳಿದಿಲ್ಲ, ಕಾನೂನೆಂದೇ ತಿಳಿದಿದ್ದಾರೆ. ದೋಟಿ ಮುರಿದರೆ ಅಡಿಕೆಗೊನೆ ತಪ್ಪುತ್ತದೆ, ಬೋಟು ಮುರಿದರೆ ಎಂತ ತಪ್ಪುತ್ತದೆ ಎಂದು ಲೆಕ್ಕ ಹಾಕುತ್ತಾ ಅವರು ಗುಡ್ಡ ಹತ್ತಿ ಮನೆಗೆ ಹೋದರು.

ಯೂಸುಫ್‌ಗೆ ಅದರಿಂದ ಬೇಸರವೇನೂ ಆಗಲಿಲ್ಲ. ಅವನಿಗೆ ಬೋಟಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷ ಅವನು ಗಲ್ಫಿನ ಒಂದು ಬೋಟ್ ಕ್ಲಬ್ಬಿನಲ್ಲಿದ್ದವನು. ಮೊದಲು ತೊಳೆಯುವುದು, ಮತ್ತೆ ಎಂಜಿನ್ ರಿಪೇರಿ, ಕೊನೆಗೆ ಓಡಿಸುವುದು. ಹೆಸರುವಾಸಿ ಕಂಪೆನಿಗಳ ರೇಸಿನ ಬೋಟುಗಳೆಲ್ಲ ಅವನ ಕೈಯಲ್ಲಿ ಓಡಿವೆ, ಆದರೆ ಒಂದೂ ಅವನದ್ದಲ್ಲ. ಬೋಟಿನ ಯಜಮಾನರ ಹೆಂಡತಿ ಮಕ್ಕಳನ್ನು ಕೂರಿಸಿ ಸಮುದ್ರದಲ್ಲಿ ಸುತ್ತು ಹೊಡೆಸಿ ಬಂದ ಸಂಜೆಗಳಲ್ಲಿ ಫೋಟೋ ತೆಗೆದು ಊರಿಗೆ, ಹೆಂಡತಿ ಝುಲೈಖಾಳಿಗೆ ಕಳಿಸುತ್ತಿದ್ದ. ಫೋನಿನಲ್ಲಿ ಮಾತು ಮುಗಿಸುವಾಗಲೆಲ್ಲ, ಮುಂದಿನ ವರ್ಷ ನಿನ್ನನ್ನೂ ಕೂರಿಸಿ ಓಡಿಸುತ್ತೇನೆ ಎನ್ನುತ್ತಿದ್ದ. ಮುಂದಿನ ವರ್ಷಗಳು ಒಂದರ ಹಿಂದೊಂದು ಬಂದವು, ಹೋದವು. ಮಗಳು ರಿಝ್ವಾನಾಳ ಮದುವೆಯೂ ಆಯಿತು. ಕಡೆಗೆ ಯೂಸುಫ್ ಮೊಣಕಾಲು ನೋವಿನೊಂದಿಗೆ ಊರಿಗೆ ಬಂದು ನೆಲೆಸಿದ. ಝುಲೈಖಾ ಆ ಮಾತು ಎತ್ತಲಿಲ್ಲ. ಅವನು ಮಾತ್ರ ಮರೆತಿರಲಿಲ್ಲ.

ಕುಕ್ಕಪ್ಪನ ಪರಿಚಯವಾದದ್ದು ಝುಲೈಖಾಳ ಕಡೆಯಿಂದಲೇ. ಅವಳ ತವರು ಅರಂತೋಡು. ಕುಕ್ಕಪ್ಪನ ಮನೆಗೂ ಅವಳ ಮನೆಗೂ ನಡುವೆ ಒಂದು ಬೇಲಿ ಮಾತ್ರ. ಕುಕ್ಕಪ್ಪನ ತಾಯಿ ತಿಮ್ಮಕ್ಕನ ಜಗಲಿಯಲ್ಲೇ ಅವಳು ಆಡಿ ಬೆಳೆದದ್ದು. ಕುಕ್ಕಪ್ಪ ಅವಳಿಗೆ ಅಣ್ಣನ ಲೆಕ್ಕ, ಹಾಗಾಗಿ ಯೂಸುಫ್ ಮತ್ತು ಅವನು ಒಬ್ಬರಿಗೊಬ್ಬರು ಭಾವ. ಒಮ್ಮೆ ಮುರಿದ ದೋಟಿಯೊಂದನ್ನು ಜೀಪಿನ ಮೇಲೆ ಕಟ್ಟಿಕೊಂಡು ಕುಕ್ಕಪ್ಪನ ಅಂಗಡಿಗೆ ಹೋದ ಯೂಸುಫ್, ಹಿಂದಿನ ಶೆಡ್ಡಿನಲ್ಲಿ ಟರ್ಪಾಲಿನ ಅಡಿಯಿಂದ ಹೊರಗೆ ಇಣುಕುತ್ತಿದ್ದ ಒಂದು ಮೂಗನ್ನು ಕಂಡ. ಟರ್ಪಾಲು ಸರಿಸಿದರೆ ಒಂದಿಡೀ ಬೋಟಿನ ಒಡಲು. ಯೂಸುಫ್ ಬಗ್ಗಿ, ಹಸುವಿನ ಹೊಟ್ಟೆ ಸವರುವವರ ಹಾಗೆ ಅದರ ತಳವನ್ನು ಅಂಗೈಯಿಂದ ಸವರಿಕೊಂಡು ಹೋದ. ಎಲ್ಲಿಯೂ ಒಂದು ಉಬ್ಬಿಲ್ಲ, ಒಂದು ತಗ್ಗಿಲ್ಲ. ನೀರನ್ನು ಸೀಳಬೇಕಾದ ಏಣು ಸೀಳುವ ಹಾಗೆಯೇ ಉಂಟು. ಇದನ್ನು ಯಾರಿಗೆ ಮಾಡಿದ್ದು ಎಂದು ಕೇಳಿದರೆ ಕುಕ್ಕಪ್ಪ ನಾಚಿಕೊಂಡು, ಯಾರಿಗೂ ಅಲ್ಲ, ಸುಮ್ಮನೆ ಎಂದ. ಅರುವತ್ತು ಎಪ್ಪತ್ತು ಅಡಿ ಎತ್ತರದಲ್ಲಿ ಗೊನೆಯ ಭಾರಕ್ಕೆ ಬಗ್ಗಿಯೂ ಮುರಿಯದ ದೋಟಿಯ ಗುಟ್ಟು ಕಾರ್ಬನ್ ನೂಲಿನ ಪದರಗಳನ್ನು ಯಾವ ದಿಕ್ಕಿಗೆ ಹಾಸುತ್ತಾರೆ ಎಂಬುದರಲ್ಲಿ ಉಂಟಂತೆ. ಅದೇ ಗುಟ್ಟನ್ನು ಅವನು ಬೋಟಿಗೆ ಹಾಕಿದ್ದ. ಸಣ್ಣವು ಎರಡು ಮಾಡಿ ಒಡೆದು ಹಾಕಿದ್ದ, ಇದು ಮೂರನೆಯದು.

ಅಂದಿನಿಂದ ಒಂದೂವರೆ ವರ್ಷ ಇಬ್ಬರೂ ಆ ಶೆಡ್ಡಿನಲ್ಲೇ ಬಿದ್ದಿದ್ದರು. ದೋಟಿ ಕೊಟ್ಟವರು ಬಂದು ಬೈದು ಹೋಗುತ್ತಿದ್ದರು. ಕೊಚ್ಚಿಯಿಂದ ಹಳೆಯ ಔಟ್‌ಬೋರ್ಡ್ ಎಂಜಿನ್ ಒಂದು ಬಂತು, ಅದನ್ನು ಯೂಸುಫ್ ಬಿಚ್ಚಿ ಹೊಸದೇ ಮಾಡಿದ. ಒಡಲು ಎಷ್ಟು ಹಗುರವೆಂದರೆ ಎಂಜಿನ್ ಇಲ್ಲದಾಗ ನಾಲ್ಕು ಜನ ಅದನ್ನು ಚಪ್ಪರದ ಕಂಬದ ಹಾಗೆ ಎತ್ತಿ ನಡೆಯುತ್ತಿದ್ದರು.

ಇನ್ನು ನದಿಯ ವಿಷಯ. ಮಳೆಗಾಲದಲ್ಲಿ ಕುಮಾರಧಾರೆ ಯಾರ ಮಾತನ್ನೂ ಕೇಳುವ ನದಿಯಲ್ಲ, ಕಡು ಬೇಸಗೆಯಲ್ಲಿ ಅದರಲ್ಲಿ ನದಿಯೇ ಇರುವುದಿಲ್ಲ, ಬಂಡೆ ಮಾತ್ರ. ಆದರೆ ಯೂಸುಫ್‌ನ ಮನೆಯಿಂದ ಸ್ವಲ್ಪ ಕೆಳಗೆ ಒಂದು ಕಿಂಡಿ ಅಣೆಕಟ್ಟು ಉಂಟು. ಚಳಿ ಶುರುವಾಗುವಾಗ ಅದರ ಕಿಂಡಿಗಳಿಗೆ ಹಲಗೆ ಇಳಿಸಿದರೆ ಹಿಂದಕ್ಕೆ ಎರಡು ಮೂರು ಕಿಲೋಮೀಟರ್ ನೀರು ತುಂಬಿ, ತಟ್ಟೆಯ ಹಾಗೆ ನಿಲ್ಲುತ್ತದೆ. ಮಳೆಗೆ ಮುಂಚೆ ಹಲಗೆ ತೆಗೆದರೆ ಎಲ್ಲ ಮುಗಿಯಿತು. ಆ ಹಲಗೆಗಳ ಉಸ್ತುವಾರಿ ಅದ್ರಾಮ ಎಂಬವನದ್ದು. ಅವನು ಹಲಗೆ ಇಳಿಸಿದ ಮೇಲೆ ಯೂಸುಫ್‌ಗೆ ಬೋಟು ಉಂಟು, ಎತ್ತಿದ ಮೇಲೆ ಅಂಗಳದಲ್ಲಿ ಒಂದು ದೊಡ್ಡ ಕರಿಯ ಬಾನಿ ಉಂಟು, ಅಷ್ಟೇ.

ಆ ವರ್ಷ ನೀರು ತುಂಬಿದ ಬೆಳಿಗ್ಗೆ ಯೂಸುಫ್ ಥ್ರಾಟಲ್ ಮುಂದಕ್ಕೆ ತಳ್ಳಿದ. ಬೋಟು ಮೂಗೆತ್ತಿತು, ಒಂದು ಕ್ಷಣ ಯೋಚಿಸಿತು, ಮತ್ತೆ ನೀರಿನ ಮೇಲೆ ಮೆಲ್ಲಗೆ ಕೂತು ಜಾರಿತು. ಗಲ್ಫಿನಲ್ಲಿ ಇದಕ್ಕಿಂತ ಎರಡು ಪಾಲು ವೇಗದವನ್ನು ಓಡಿಸಿದ್ದ, ಆದರೆ ಇಷ್ಟು ಮಾತು ಕೇಳುವ ಬೋಟು ಅವನಿಗೆ ಸಿಕ್ಕಿರಲಿಲ್ಲ. ತಿರುಗಿಸಬೇಕೆಂದು ಮನಸ್ಸು ಮಾಡುವಷ್ಟರಲ್ಲಿ ತಿರುಗಿರುತ್ತಿತ್ತು. ಗಾಳಿಗೆ ಟೊಪ್ಪಿ ಹಾರಿ ಹೋಯಿತು, ಯೂಸುಫ್ ಸಣ್ಣ ಮಗುವಿನ ಹಾಗೆ ನಕ್ಕ. ಕುಕ್ಕಪ್ಪ ದೂರದ ಬಂಡೆಯ ಮೇಲೆ ಕೊಡೆ ಹಿಡಿದು ನಿಂತು ಕಿವಿಗೊಟ್ಟು ಕೇಳುತ್ತಿದ್ದ. ಅಲೆ ಬಂದು ಬಂಡೆಗೆ ಬಡಿದಾಗ ಎರಡು ಹೆಜ್ಜೆ ಹಿಂದಕ್ಕೆ ಹೋದ.

ಬೋಟು ದಡಕ್ಕೆ ತಂದು, ಹತ್ತಿ ಭಾವ ಎಂದರೆ ಕುಕ್ಕಪ್ಪ ಹತ್ತಲಿಲ್ಲ. ಅಂಗಡಿಯ ಬೀಗ ಹಾಕಿಲ್ಲ ಎಂದ. ಮುಂದಿನ ವಾರ ಬಂದಾಗ ಸೊಂಟ ನೋವು. ಆಮೇಲೆ ಒಮ್ಮೆ ಕಣ್ಣಿಗೆ ಗಾಳಿ ಆಗುವುದಿಲ್ಲ, ಇನ್ನೊಮ್ಮೆ ಪಂಜದಲ್ಲಿ ಯಾರದೋ ಗೃಹಪ್ರವೇಶ. ಊರಿನವರಿಗೆ ಅಷ್ಟೇ ಸಾಕಾಯಿತು. ಅಡುಗೆ ಭಟ್ಟರು ತಾವು ಮಾಡಿದ ಸಾಂಬಾರನ್ನು ತಾವೇ ಉಣ್ಣದೆ ಎದ್ದರೆ ಪಂಕ್ತಿಯಲ್ಲಿ ಕೂತವರು ಏನು ತಿಳಿಯಬೇಕು? ಮಾಡಿದವನೇ ಹತ್ತದ ಬೋಟು ಎಂದು ಅದಕ್ಕೆ ಹೆಸರೇ ಬಿತ್ತು. ಒಬ್ಬರೂ ಹತ್ತಲು ಬರಲಿಲ್ಲ.

ಯೂಸುಫ್‌ಗೆ ಊರಿನವರು ಬೇಕಾಗಿರಲಿಲ್ಲ, ಬೇಕಾದದ್ದು ಝುಲೈಖಾ. ಅವಳು ದಡದ ತನಕ ಬರುತ್ತಿದ್ದಳು, ಚಾ ತರುತ್ತಿದ್ದಳು, ಬೋಟು ಚಂದ ಉಂಟು ಎನ್ನುತ್ತಿದ್ದಳು. ಹತ್ತು ಎಂದರೆ ಮಾತ್ರ ಒಂದೇ ಶರತ್ತು.

"ಮಾಡಿದವ ಕೂತು ಒಂದು ಸುತ್ತು ಬರಲಿ. ಮತ್ತೆ ನಾನು ಕೂರ್ತೇನೆ."

ಎಷ್ಟು ಹೇಳಿದರೂ ಅದನ್ನೇ ಹೇಳಿದಳು. ಮಾತಿನಲ್ಲಿ ಬಿಸಿಯಿಲ್ಲ, ನಗುತ್ತಲೇ ಹೇಳಿದಳು. ನಗುತ್ತಾ ಹೇಳುವ ಹೆಂಗಸರ ಶರತ್ತನ್ನು ಯಾವ ಗಂಡಸೂ ಸಡಿಲಿಸಿದ್ದನ್ನು ನಾವು ಕೇಳಿಲ್ಲ.

ಆಮೇಲೆ ಯೂಸುಫ್ ಕುಕ್ಕಪ್ಪನನ್ನು ಹತ್ತಿಸಲು ಹೂಡದ ಉಪಾಯವಿಲ್ಲ. ಬೋಟಿನ ನಡುವೆ ಕೋಳಿ ಸುಕ್ಕ, ನೀರುದೋಸೆ ಇಟ್ಟು ಕರೆದ. ಕುಕ್ಕಪ್ಪ ತಟ್ಟೆಯನ್ನು ದಡಕ್ಕೆ ತರಿಸಿಕೊಂಡು ಉಂಡ. ಸೀಟು ಕಿರುಗುಟ್ಟುತ್ತದೆ, ಒಳಗೆ ಬಂದು ನೋಡಿ ಎಂದ ಯೂಸುಫ್. ಸೀಟನ್ನೇ ಬಿಚ್ಚಿ ಕೊಡಿ ಎಂದ ಕುಕ್ಕಪ್ಪ. ಚಾಪೆಯ ಕೆಳಗೆ ತೂರಿದರೆ ಅವನು ರಂಗೋಲಿಯ ಕೆಳಗೆ ತೂರುತ್ತಿದ್ದ. ಏಪ್ರಿಲ್ ಬಂತು, ಬಿಸಿಲು ಏರಿತು, ಕಿಂಡಿಯ ಹಲಗೆಗಳಿಗೆ ಇನ್ನು ಹೆಚ್ಚು ದಿನವಿರಲಿಲ್ಲ. ಯೂಸುಫ್ ಆಗ ಒಂದು ದೊಡ್ಡ ಸುಳ್ಳು ಹೇಳಿದ. ಪೂರ್ತಿ ವೇಗಕ್ಕೆ ಹೋದಾಗ ಬೋಟಿನ ಒಡಲು ಅದುರುತ್ತದೆ, ಮಾಡಿದವರು ಕೂತು ನೋಡದೆ ಗೊತ್ತಾಗುವ ಹಾಗಿಲ್ಲ ಎಂದು ಫೋನು ಮಾಡಿದ.

ಮರುದಿನ ಬೆಳಿಗ್ಗೆ ಕುಕ್ಕಪ್ಪ ಬಂದ, ಆದರೆ ಬರಿಗೈಯಲ್ಲಿ ಬರಲಿಲ್ಲ. ಕೈಯಲ್ಲಿ ಫೈಬರ್ ಕೊಯ್ಯುವ ಗ್ರೈಂಡರ್ ಇತ್ತು. ರಾತ್ರಿ ನಿದ್ದೆ ಮಾಡಿರಲಿಲ್ಲ, ಕಣ್ಣು ಕೆಂಪಾಗಿತ್ತು. ಬೋಟನ್ನು ಟ್ರೇಲರಿನ ಮೇಲೆ ಅಂಗಳಕ್ಕೆ ತಂದಿಡಲು ಹೇಳಿದ. ಒಳಗೆ ಎಲ್ಲಿಯೋ ಪದರ ಬಿಟ್ಟಿರಬೇಕು, ಕೊಯ್ದು ನೋಡದೆ ವಿಧಿಯಿಲ್ಲ, ಸರಿಯಿಲ್ಲದ್ದನ್ನು ತಂಗಿಯ ಗಂಡನಿಗೆ ಕೊಟ್ಟ ಹಾಗಾಯಿತಲ್ಲ ಎಂದು ಒಂದೇ ಸಮನೆ ಹೇಳುತ್ತಾ ಗ್ರೈಂಡರಿನ ವಯರನ್ನು ಪ್ಲಗ್ಗಿಗೆ ಸಿಕ್ಕಿಸಿದ. ಬ್ಲೇಡು ತಿರುಗುವ ಶಬ್ದ ಕೇಳಿದ್ದೇ ಯೂಸುಫ್ ಓಡಿ ಹೋಗಿ ಬೋಟಿಗೆ ಅಡ್ಡ ನಿಂತ.

"ಅದುರುದಿಲ್ಲ ಭಾವ, ಎಲ್ಲಿಯೂ ಅದುರುದಿಲ್ಲ. ನಿಮ್ಮನ್ನು ಹತ್ತಿಸ್ಲಿಕ್ಕೆ ಹೇಳಿದ ಸುಳ್ಳು ಅದು."

ಕುಕ್ಕಪ್ಪ ಗ್ರೈಂಡರ್ ಆರಿಸಿ ಟ್ರೇಲರಿನ ಮೇಲೆ ಕೂತ. ಬೈಯುತ್ತಾನೆಂದು ಯೂಸುಫ್ ಕಾದರೆ ಅವನು ಬೈಯಲಿಲ್ಲ. ಯಾರಿಗೂ ಹೇಳಬೇಡಿ ಎಂದು ಮೊದಲು ಮಾತು ತೆಗೆದುಕೊಂಡು, ಆಮೇಲೆ ವಿಷಯ ಹೇಳಿದ. ಅವನು ಹುಟ್ಟಿದಾಗ ಮರ್ಕಂಜದ ಜೋಯಿಸರೊಬ್ಬರು ಜಾತಕ ನೋಡಿ, ಅರುವತ್ತು ತುಂಬುವ ತನಕ ಇವನಿಗೆ ಜಲಕಂಟಕ ಉಂಟು, ನೀರಿನಿಂದ ಜೀವಕ್ಕೆ ಅಪಾಯ ಎಂದಿದ್ದರು. ಅಂದಿನಿಂದ ತಿಮ್ಮಕ್ಕ ಮಗನನ್ನು ತೋಡಿಗೂ ಇಳಿಯಲು ಬಿಡಲಿಲ್ಲ. ಶಾಲೆಗೆ ತೋಡಿನ ಮೇಲಿನ ಮರದ ಸಂಕ ದಾಟದೆ ಗುಡ್ಡ ಸುತ್ತಿ ಹೋಗಬೇಕಿತ್ತು. ಓರಗೆಯ ಮಕ್ಕಳು ಹೊಳೆಯ ಗುಂಡಿಗೆ ಧುಮುಕುವಾಗ ಅವನು ಗೇರುಮರದ ಮೇಲೆ ಕೂತು ನೋಡುತ್ತಿದ್ದ. ಹಾಗೆ ನೋಡಿ ನೋಡಿಯೇ ನೀರು ಹೇಗೆ ಸರಿಯುತ್ತದೆ, ಎಲ್ಲಿ ಸುತ್ತುತ್ತದೆ ಎಂಬುದೆಲ್ಲ ತಲೆಯಲ್ಲಿ ಕೂತುಬಿಟ್ಟಿತು. ಈಗ ಐವತ್ತೇಳು. ಜಾತಕವನ್ನು ಅವನು ಅರ್ಧ ನಂಬುತ್ತಾನೆ, ಅರ್ಧ ಇಲ್ಲ. ಆದರೆ ತಾಯಿಗೆ ಮಾತು ಕೊಟ್ಟಿದ್ದಾನೆ.

"ನೀರಿಗೆ ಇಳಿಬಾರದು ಅಂತ ಹೇಳಿದ್ದು. ದೋಣಿ ಮಾಡಬಾರದು ಅಂತ ಹೇಳ್ಲಿಲ್ಲ ಅಲ್ವಾ ಭಾವ?" ಎಂದ ಕುಕ್ಕಪ್ಪ.

ಯೂಸುಫ್‌ಗೆ ಜಾತಕ ಗೊತ್ತಿಲ್ಲ, ತಾಯಿಗೆ ಕೊಟ್ಟ ಮಾತು ಗೊತ್ತು. ಅವನು ಆಮೇಲೆ ಕುಕ್ಕಪ್ಪನನ್ನು ಒತ್ತಾಯಿಸಲಿಲ್ಲ. ಗ್ರೈಂಡರನ್ನು ಮಾತ್ರ ತಾನೇ ಜೀಪಿನಲ್ಲಿ ಹಾಕಿ ಅರಂತೋಡಿಗೆ ತಲುಪಿಸಿ ಬಂದ.

ಮೇ ತಿಂಗಳ ನಡುವಿನಲ್ಲಿ ಸುಬ್ರಹ್ಮಣ್ಯದ ಕಡೆ ಗುಡುಗಲು ಶುರುವಾಯಿತು. ಘಟ್ಟದಲ್ಲಿ ಮಳೆಯಾದರೆ ನೀರು ಒಮ್ಮೆಲೇ ಬರುತ್ತದೆ, ನಾಳೆ ಬೆಳಿಗ್ಗೆ ಹಲಗೆ ಎತ್ತುವುದೇ ಎಂದು ಅದ್ರಾಮ ಬಂದು ಹೇಳಿ ಹೋದ. ಯೂಸುಫ್ ಕೂತಲ್ಲಿ ಕೂರಲಾರದೆ ಒಂದು ಪೆಟ್ಟಿಗೆ ಖರ್ಜೂರ ಹಿಡಿದು ಅರಂತೋಡಿನ ತಿಮ್ಮಕ್ಕನ ಮನೆಗೆ ಹೋದ. ಮಗನನ್ನು ಆ ಮಾತಿನಿಂದ ಒಂದು ಸಲ ಬಿಡುತ್ತೀರಾ ಎಂದು ಕೇಳಿ ನೋಡುವ ಎಂದು ಹೋದವನಿಗೆ ಅವರ ಎದುರು ಕೂತಾಗ ಬಾಯಿ ಬರಲಿಲ್ಲ. ಬೋಟಿನ ಸುದ್ದಿ, ಹಲಗೆಯ ಸುದ್ದಿ, ಝುಲೈಖಾಳ ಶರತ್ತಿನ ಸುದ್ದಿ ಎಲ್ಲ ಹೇಳಿದ, ಕೇಳಬೇಕಾದ್ದನ್ನು ಕೇಳಲಿಲ್ಲ. ಎಂಬತ್ತು ದಾಟಿದ ತಿಮ್ಮಕ್ಕ ಖರ್ಜೂರದ ಬೀಜ ಅಂಗೈಯಲ್ಲಿ ಇಟ್ಟುಕೊಂಡು ಅವನನ್ನೇ ನೋಡಿದರು.

"ಜುಲೇಕ ಹಾಗೆ ಹೇಳಿದಳಾ? ಕುಕ್ಕಪ್ಪನ ಕಂಟಕದ ವಿಷಯ ಅವಳಿಗೆ ಸಣ್ಣದಿರುವಾಗಲೇ ಗೊತ್ತುಂಟಲ್ಲ ಮಾರಾಯ. ಇವ ಹೊಳೆಗೆ ಹೋದ್ರೆ ನನ್ನತ್ರ ಓಡಿ ಬಂದು ಚಾಡಿ ಹೇಳುದು ಅವಳೇ."

ಯೂಸುಫ್ ಜೀಪು ಹತ್ತಿದ. ಸುಳ್ಯ ದಾಟುವ ತನಕ ಅವನಿಗೆ ಸಿಟ್ಟಿತ್ತು. ಕುಕ್ಕಪ್ಪ ಹತ್ತುವುದಿಲ್ಲ ಎಂದು ಗೊತ್ತಿದ್ದೇ ಅವಳು ಆ ಶರತ್ತು ಹಾಕಿದ್ದು. ಐದು ತಿಂಗಳು ತನ್ನನ್ನು ಕೋಡಂಗಿಯ ಹಾಗೆ ಕುಣಿಸಿದ್ದು. ಪಂಜ ಬರುವಾಗ ಸಿಟ್ಟು ಇಳಿದು ಆಶ್ಚರ್ಯ ಉಳಿದಿತ್ತು. ಮನೆ ಮುಟ್ಟುವಾಗ ಒಂಥರಾ ಭಯವಾಗಿತ್ತು. ಝುಲೈಖಾ ಹಿಂದಿನ ಬಾಗಿಲ ಬಳಿ ಕೂತು ಬೂತಾಯಿ ಮೀನು ಶುಚಿ ಮಾಡುತ್ತಿದ್ದಳು. ಅವನು ಕೇಳಿದ. ಅವಳು ಕತ್ತಿ ನಿಲ್ಲಿಸದೆ ಉತ್ತರ ಕೊಟ್ಟಳು.

"ಗೊತ್ತಿತ್ತು. ಅದಕ್ಕೇ ಹೇಳಿದ್ದು. ಪ್ರತಿ ವರ್ಷ ಮುಂದಿನ ವರ್ಷ ಅಂತ ಹೇಳಿದ್ದು ಯಾರು? ಯಾರ್ಯಾರದೋ ಹೆಂಡತಿ ಮಕ್ಕಳನ್ನು ಕೂರಿಸಿ ಫೋಟೋ ಕಳಿಸಿದ್ದು ಯಾರು? ನಾನು ಇಲ್ಲಿ ಕೂತು ಕಾದೆ. ಕುಕ್ಕಪ್ಪಣ್ಣನಿಗೆ ಅರುವತ್ತು ಆಗ್ಲಿಕ್ಕೆ ಇನ್ನು ಮೂರು ವರ್ಷ ಉಂಟು. ನೀವೂ ಕಾಯಿರಿ. ಕಾಯುದು ಅಂದ್ರೆ ಎಂತ ಅಂತ ಒಮ್ಮೆ ಗೊತ್ತಾಗಲಿ."

ಯೂಸುಫ್ ಅವಳ ಎದುರು ಮೆಟ್ಟಲಿನ ಮೇಲೆ ಕೂತ. ಆ ಫೋಟೋಗಳನ್ನು ಅವಳಿಗೆ ಸಂತೋಷವಾಗಲಿ ಎಂದು ಕಳಿಸಿದ್ದೆ ಎಂದುಕೊಂಡಿದ್ದ. ಅವು ಇಲ್ಲಿ, ಈ ಅಡುಗೆಮನೆಯಲ್ಲಿ, ಹೇಗೆ ಕಂಡಿರಬಹುದೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಇಂಥ ಉಪಾಯ ತನಗೆ ಹೊಳೆಯದೆ ಅವಳಿಗೆ ಹೊಳೆಯಿತಲ್ಲ ಎಂದು ಸ್ವಲ್ಪ ಹೆಮ್ಮೆಯೂ ಆಯಿತು, ಅದನ್ನು ಅವನು ತೋರಿಸಿಕೊಳ್ಳಲಿಲ್ಲ.

"ಆಯ್ತು. ಮೂರು ವರ್ಷ ಕಾಯ್ತೇನೆ," ಎಂದ.

ಅವಳು ತಲೆಯೆತ್ತಿ ನೋಡಿದಳು. ಅಷ್ಟು ಸುಲಭದಲ್ಲಿ ಒಪ್ಪುತ್ತಾನೆಂದು ಅವಳು ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಯೂಸುಫ್ ಬೋಟನ್ನು ಮೇಲೆಳೆಯಲು ಟ್ರೇಲರನ್ನು ನೀರಿನ ಅಂಚಿಗೆ ತಂದ. ಅದ್ರಾಮ ತನ್ನ ಕೊಕ್ಕೆ, ಸಂಕೋಲೆ ಹಿಡಿದು ಅಣೆಕಟ್ಟಿನ ಕಡೆ ಹೊರಟಿದ್ದ. ಝುಲೈಖಾ ಚಾದ ಫ್ಲಾಸ್ಕ್ ಹಿಡಿದು ದಡದಲ್ಲಿದ್ದಳು. ಅಷ್ಟರಲ್ಲಿ ಕುಕ್ಕಪ್ಪನ ಜೀಪು ಇಳಿದು ಬಂತು. ಅದರ ಮುಂದಿನ ಸೀಟಿನಿಂದ ತಿಮ್ಮಕ್ಕ ಇಳಿದರು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು. ಯಾರ ಮುಖವನ್ನೂ ನೋಡದೆ ನೇರವಾಗಿ ಬೋಟಿನ ಹತ್ತಿರ ಹೋಗಿ, ಹತ್ತುವುದು ಯಾವ ಕಡೆಯಿಂದ ಎಂದು ಯೂಸುಫ್‌ನನ್ನು ಕೇಳಿದರು. ಕುಕ್ಕಪ್ಪ ಹಿಂದೆ ನಿಂತು, ದಾರಿಯುದ್ದಕ್ಕೂ ಹೇಳಿದೆ ಭಾವ, ಕೇಳುವುದಿಲ್ಲ ಎಂದು ಕೈಯಾಡಿಸಿದ. ತಿಮ್ಮಕ್ಕ ಮಗನ ಕಡೆ ತಿರುಗಿದರು.

"ನಿನ್ನನ್ನು ನೀರಿನಿಂದ ದೂರ ಇಟ್ಟೆ. ನೀನು ಅದನ್ನೇ ತಲೆಯಲ್ಲಿ ಹೊತ್ಕೊಂಡು ಇಷ್ಟು ವರ್ಷ ತಿರುಗಿದ್ದಿ. ನಾನು ಕಾದದ್ದು ಎಂತದ್ದನ್ನು ಹಾಗಾದ್ರೆ? ಕಂಟಕ ಇದ್ರೆ ನನ್ನನ್ನು ದಾಟಿ ನಿನ್ನತ್ರ ಬರಲಿ. ಹತ್ತು ಮಗ."

ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿದಾಗ ಅವರು ಎಂತದೋ ಬೈದರು, ತಮ್ಮ ಮನೆಮಾತು ಅರೆಭಾಷೆಯಲ್ಲಿ, ಅದನ್ನು ಬರೆಯುವುದು ಬೇಡ. ಕುಕ್ಕಪ್ಪ ಚಪ್ಪಲಿ ಕಳಚಿ, ದೇವಸ್ಥಾನದ ಮೆಟ್ಟಲು ಹತ್ತುವವನ ಹಾಗೆ ತಾನೇ ಮಾಡಿದ ಬೋಟಿಗೆ ಕಾಲಿಟ್ಟ. ಅದು ಅವನ ಭಾರಕ್ಕೆ ಸ್ವಲ್ಪ ತೂಗಿತು. ಹಿಂದಿನ ಸೀಟಿನಲ್ಲಿ ಕೂತ ತಿಮ್ಮಕ್ಕ ಐವತ್ತೇಳರ ಮಗನ ಅಂಗಿಯ ಕಾಲರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಯೂಸುಫ್ ಮೆಲ್ಲ ಹೊರಟ. ತಿರುವಿನ ಆಚೆ ನೀರು ಅಗಲವಾದಲ್ಲಿ, ಎಷ್ಟು ಓಡುತ್ತದೋ ನೋಡುವ ಎಂದದ್ದು ತಿಮ್ಮಕ್ಕನೇ. ಬೋಟು ಮೂಗೆತ್ತಿ ಕೂತು ಜಾರಿದಾಗ ಕುಕ್ಕಪ್ಪ ಕಣ್ಣು ಮುಚ್ಚಿದ. ಆಮೇಲೆ ಬಗ್ಗಿ ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದ, ಇಡೀ ಸುತ್ತು ಹಾಗೆಯೇ ಕೂತಿದ್ದ. ದಡಕ್ಕೆ ಬಂದಾಗ ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಅದು ಗಾಳಿಗೆ ಎಂದು ಅವನೂ ಹೇಳಲಿಲ್ಲ, ಯಾರೂ ನಂಬಲೂ ಇಲ್ಲ.

"ಎಡಗಡೆ ಹಿಂದೆ ಸ್ವಲ್ಪ ಅದುರ್ತದೆ ಭಾವ," ಎಂದ. "ನೀವು ಹೇಳಿದ್ದು ಸುಳ್ಳಲ್ಲ. ಒಳಗೆ ಕೂತರೆ ಗೊತ್ತಾಗುದು. ಮಳೆಗಾಲದಲ್ಲಿ ಸರಿ ಮಾಡುವ."

ಈಗ ಎಲ್ಲರೂ ಝುಲೈಖಾಳನ್ನು ನೋಡಿದರು. ತಿಮ್ಮಕ್ಕ ಲೈಫ್ ಜಾಕೆಟ್ ಕಳಚಿ ಅವಳ ಕೈಗೆ ಕೊಟ್ಟು, ಸಣ್ಣದಿರುವಾಗ ಚಾಡಿ ಹೇಳಿದ್ದಕ್ಕೆ ಇದು ಲೆಕ್ಕ ಚುಕ್ತಾ ಎಂಬಂತೆ ಅವಳ ಕೆನ್ನೆ ಹಿಂಡಿದರು. ಆದರೆ ಯೂಸುಫ್ ಎಂಜಿನ್ ಆರಿಸಿ ಕೆಳಗಿಳಿದ. ಶರತ್ತು ಮುಗಿದದ್ದು ಕುಕ್ಕಪ್ಪ ಭಾವನ ಕಡೆಯಿಂದ, ತಾನು ನಿನ್ನೆ ಕೊಟ್ಟ ಮಾತು ಬೇರೆ, ಮೂರು ವರ್ಷ ಎಂದರೆ ಮೂರು ವರ್ಷವೇ ಎಂದ. ಅವನು ತಮಾಷೆಗೆ ಹೇಳಿದ್ದಲ್ಲ. ಅವನ ಮುಖ ನೋಡಿದರೆ ಅದು ಯಾರಿಗಾದರೂ ತಿಳಿಯುತ್ತಿತ್ತು.

ಝುಲೈಖಾ ಜಾಕೆಟ್ಟಿನ ಪಟ್ಟಿಗಳನ್ನು ಬಿಡಿಸತೊಡಗಿದಳು.

"ನೀವು ಕಾಯುವಾಗ ನಾನು ಎಲ್ಲಿರುದು? ಇದೇ ದಡದಲ್ಲಿ ಅಲ್ವಾ? ಆಗ ಮತ್ತೆ ಕಾಯುದು ನಾನೇ ಆಯ್ತು. ನನಗೆ ಕಾದು ಸಾಕಾಗಿದೆ."

ಫ್ಲಾಸ್ಕನ್ನು ಕುಕ್ಕಪ್ಪನ ಕೈಗೆ ಕೊಟ್ಟು, ಜಾಕೆಟ್ ತೊಟ್ಟು, ಶಾಲಿನ ತುದಿಯನ್ನು ಕುತ್ತಿಗೆಗೆ ಸುತ್ತಿ, ಅವಳು ಹತ್ತಿ ಮುಂದಿನ ಸೀಟಿನಲ್ಲಿ ಕೂತಳು. ಯೂಸುಫ್ ಎಂಜಿನ್ ಚಾಲೂ ಮಾಡಿದ. ಹೆಂಡತಿಗೆ ಹೆದರಿಕೆಯಾದೀತೆಂದು, ನೀರಿನಲ್ಲಿ ಎಮ್ಮೆ ನಡೆಸುವ ಹಾಗೆ ಮೆಲ್ಲ ಮೆಲ್ಲ ಬಿಟ್ಟ. ದಡದ ಮೇಲಿನ ಬಸಳೆಯ ಚಪ್ಪರ, ಬಟ್ಟೆ ಒಗೆಯುವ ಬಂಡೆ, ಮನೆಯ ಮಾಡು ಒಂದೊಂದಾಗಿ ಹಿಂದಕ್ಕೆ ಹೋದವು. ಝುಲೈಖಾ ಎರಡೂ ಬದಿ ನೋಡಿದಳು, ಕೈ ಇಳಿಸಿ ನೀರು ಮುಟ್ಟಿದಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಆ ಫೋಟೋದವರನ್ನು ಸಹ ಇಷ್ಟೇ ಮೆಲ್ಲ ಕರ್ಕೊಂಡು ಹೋದದ್ದಾ?"

ಯೂಸುಫ್ ಥ್ರಾಟಲನ್ನು ಪೂರ್ತಿ ಮುಂದಕ್ಕೆ ತಳ್ಳಿದ.

ಅದ್ರಾಮ ಕಿಂಡಿಯ ಮೇಲೆ ಕೂತು ಅವರು ತಿರುವಿನಲ್ಲಿ ಹೋಗುವುದನ್ನೂ ಬರುವುದನ್ನೂ, ಮತ್ತೆ ಹೋಗುವುದನ್ನೂ ನೋಡಿದ. ಆ ದಿನ ಅವನು ಮೊದಲ ಹಲಗೆ ಎತ್ತಿದ್ದು ಮಧ್ಯಾಹ್ನದ ಊಟ ಮುಗಿಸಿ ಬಂದ ಮೇಲೆ.